ಮರಳಿ ಬರುವ ಭಾರಕ್ಕೊಂದು ಚೀಲ

ಬೆಳಕು ಇನ್ನೂ ಗುಡ್ಡದ ಆಚೆಯೇ ಇದೆ. ಪೆಟ್ರೋಲ್ ಪಂಪಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೇಲಿನ ಕಾಡಿನಿಂದ ಗಂಡು ಜಿಂಕೆಯೊಂದು ಗುಟುರು ಹಾಕುತ್ತದೆ. ನದಿಯಾಚೆಯಿಂದ ಇನ್ನೊಂದು ಅದಕ್ಕೆ ಉತ್ತರ ಕೊಡುತ್ತದೆ. ಶೆಡ್ಡಿನೊಳಗೆ ವಿನಿ ತೌಮಾತಾ ಅವರು ಹಳೆಯ ಹಸಿರು ಕ್ಯಾನ್ವಾಸ್ ಚೀಲವೊಂದನ್ನು ಮೇಜಿನ ಮೇಲೆ ಬೋರಲು ಹಾಕಿಕೊಂಡು, ದಬ್ಬಳದ ತುದಿಯಿಂದ ಹೊಲಿಗೆ ಬಿಚ್ಚುತ್ತಿದ್ದಾರೆ. ದಾರ ಜಗ್ಗುತ್ತಿಲ್ಲ.

"ಯಾವ ಪುಣ್ಯಾತ್ಗಿತ್ತಿ ಹೊಲಿದಳೋ ಇದನ್ನ, ಅವಳ ಕೈ ಸೇದಿಹೋಗ!" ಎಂದು ಬೈಯುತ್ತಾರೆ.

ಹೊಲಿದವರು ಅವರೇ. ಬೈದು ಮುಗಿಸಿ ತಾವೇ ನಗುತ್ತಾರೆ. ಚಹಾ ಕುಡಿದು ಮತ್ತೆ ದಬ್ಬಳ ಹಿಡಿಯುತ್ತಾರೆ.

ಚೀಲ ಅವರ ತಮ್ಮ ರೇವಿಯದು. ಆರಡಿ ಮೀರಿದ ಆಳು ಅವನು. ಎಲ್ಲಿ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಬರುತ್ತಿದ್ದ. ಹೋದ ವರ್ಷ ಇದೇ ಗುಟುರಿನ ಕಾಲದಲ್ಲಿ ತೀರಿಕೊಂಡ. ಈಸ್ಟರ್ ಕಳೆದ ಮೊದಲ ಶನಿವಾರ ಅವನ ಸಮಾಧಿಗಲ್ಲಿನ ಮುಸುಕು ತೆಗೆಯುವ ಶಾಸ್ತ್ರವಿದೆ. ಮುಸುಕು ತೆಗೆದ ಮೇಲೆ ಊರೆಲ್ಲ ಊಟಕ್ಕೆ ಕೂರುತ್ತದೆ. ಆ ಊಟಕ್ಕೆ ಸತ್ತವನು ಶಿಕಾರಿ ಮಾಡಿದ ಕಣಿವೆಯ ಮಾಂಸವೇ ಬರಬೇಕು, ಅದನ್ನು ಅವನ ಮನೆಯವರೇ ಹೊತ್ತು ತರಬೇಕು. ತೌಮಾತಾ ಮನೆತನದ ಪದ್ಧತಿ ಅದು. ರೇವಿಗೆ ಇರುವವಳು ಒಬ್ಬಳೇ ಮಗಳು, ಕಾಹು. ನಿಂತರೆ ರೇವಿಯ ಎದೆಯ ಮಟ್ಟಕ್ಕೆ ಬರುತ್ತಿದ್ದಳು. ಮೇಲಿನ ಕಣಿವೆಗೆ ಒಬ್ಬಳೇ ಹೋಗುತ್ತೇನೆ, ಅಪ್ಪನ ಚೀಲದಲ್ಲೇ ತರುತ್ತೇನೆ ಎಂಬುದು ಅವಳ ಹಟ.

"ಹೋಗೋದೇನೋ ಹೋಗ್ತಾಳೆ," ಎನ್ನುತ್ತಾರೆ ವಿನಿ. "ಎಲ್ರೂ ಹೋಗ್ತಾರೆ. ನನ್ನ ಕೆಲಸ ಇರೋದು ಬರೋದ್ರಲ್ಲಿ."

ಪಶ್ಚಿಮ ತೀರದ ಈ ನಮ್ಮ ಸಣ್ಣ ಊರಿನಲ್ಲಿ ವಿನಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ಆಂಟಿ. ಹುಡುಗಿಯಾಗಿದ್ದಾಗ ಕುರಿ ಉಣ್ಣೆ ತುಂಬುವ ಗೋಣಿಗಳನ್ನು ಹೊಲಿದರು. ಮದುವೆಯಾದ ಮೇಲೆ ಮರದ ಮಿಲ್ಲಿನ ಲಾರಿಗಳಿಗೆ ಟಾರ್ಪಾಲು ಹೊಲಿದರು. ಮಿಲ್ಲು ಮುಚ್ಚಿದಾಗ ಅಲ್ಲಿನ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವನ್ನು ಯಾರೂ ಕೇಳಲಿಲ್ಲ. ಇವರು ಕೈಗಾಡಿಯಲ್ಲಿ ಮನೆಗೆ ತಳ್ಳಿಕೊಂಡು ಬಂದರು. ಗಂಡ ಬೇಗ ಹೋದ. ಬಲಗೈಯ ಹೆಬ್ಬೆರಳು ಆ ಯಂತ್ರದ ಸೂಜಿಗೆ ಸಿಕ್ಕಿ ಇಂದಿಗೂ ಮಡಚುವುದಿಲ್ಲ. "ದಾರ ಹಿಡಿಯೋಕೆ ಅನುಕೂಲ ಆಯ್ತು ಬಿಡಿ," ಎನ್ನುತ್ತಾರೆ. ಶಿಕಾರಿಯ ದಿನಗಳಲ್ಲಿ ದಿನಕ್ಕೆ ಏಳೆಂಟು ಚೀಲ ಇವರ ಮೇಜಿಗೆ ಬರುತ್ತವೆ. ಅರ್ಧಕ್ಕರ್ಧ ಗುಡ್ಡದ ಕೀಯಾ ಗಿಳಿಗಳು ಕಚ್ಚಿ ಹರಿದವು. ಆ ಗಿಳಿಗಳು ತಮಗೆ ಕೆಲಸ ಕೊಡುವ ಧಣಿಗಳು ಎಂದು ವಿನಿ ಅವುಗಳಿಗೆ ದಿನವೂ ರೊಟ್ಟಿಯ ಚೂರು ಹಾಕುತ್ತಾರೆ.

ಶಿಕಾರಿ ಚೀಲದ ಕಡೆಗೆ ಅವರನ್ನು ತಿರುಗಿಸಿದ್ದು ರೇವಿಯ ಒಂದು ತಪ್ಪು. ಈ ಕಡೆಯ ಎಲ್ಲ ಹೊಸ ಬೇಟೆಗಾರರೂ ಮಾಡುವ ತಪ್ಪೇ ಅದು. ಹರೆಯದಲ್ಲಿ ರೇವಿ ಪಟ್ಟಣದಿಂದ ಹಕ್ಕಿಯ ಗರಿಯಷ್ಟು ಹಗುರಾದ ಚೀಲ ತಂದ. ಅದನ್ನು ಹಾಕಿಕೊಂಡು ಹಾಡು ಹೇಳುತ್ತ ಮೇಲಿನ ಕಣಿವೆಗೆ ಏರಿದ. ದೊಡ್ಡ ಗಂಡು ಜಿಂಕೆ ಬಿತ್ತು. ಮಾಂಸ ತುಂಬಿ ಎತ್ತಿದ ಕೂಡಲೇ ಹೆಗಲಪಟ್ಟಿ ಕಿತ್ತು ಬಂತು. ಒಂದು ತೊಡೆಯನ್ನು ಕುತ್ತಿಗೆಗೆ ಸುತ್ತಿಕೊಂಡು ಇಳಿದ, ಉಳಿದದ್ದಕ್ಕೆ ಮತ್ತೆ ಹೋಗುವಷ್ಟರಲ್ಲಿ ಹೊಳೆ ತುಂಬಿತು. ಕೊಂದದ್ದನ್ನು ಬಿಟ್ಟು ಬರುವುದು ನಮ್ಮಲ್ಲಿ ತಲೆ ತಗ್ಗಿಸುವ ಮಾತು. ಮುಂದೆ ರೇವಿ ಪ್ರತಿ ಮದುವೆಯಲ್ಲೂ ಈ ಕಥೆಯನ್ನು ತಾನೇ ಹೇಳಿ ನಗಿಸುತ್ತಿದ್ದ. ಆ ದಿನ ಮಾತ್ರ ಅಕ್ಕನ ಅಡುಗೆಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದನಂತೆ.

"ಆಗ ಕೇಳಿದೆ ಅವನ್ನ," ಎಂದು ವಿನಿ ನೆನೆಯುತ್ತಾರೆ. "ಲೋ, ಚೀಲ ತಗೊಳ್ಳೋವಾಗ ಹೋಗೋದು ನೆನೆಸ್ಕೊಂಡ್ಯೋ, ಬರೋದು ನೆನೆಸ್ಕೊಂಡ್ಯೋ?"

ಅದೇ ಪ್ರಶ್ನೆಯನ್ನು ಇವತ್ತಿಗೂ ಶೆಡ್ಡಿಗೆ ಬಂದವರಿಗೆಲ್ಲ ಕೇಳುತ್ತಾರೆ. ಮೊನ್ನೆ ಹಾಲಿನ ಹಸು ಸಾಕುವ ಡೂಗಲ್ ಹೊಸ ಚೀಲ ತೋರಿಸಲು ಬಂದಿದ್ದ. ಒಳಗೊಬ್ಬ ಮನುಷ್ಯ ಮಲಗಬಹುದು, ಮೈಯೆಲ್ಲ ಜೇಬು.

"ಇಷ್ಟು ಜೇಬು ಯಾಕೋ ಮಾರಾಯ?"

"ಬೇಕಾದ್ದು ಬೇಕಾದಾಗ ಕೈಗೆ ಸಿಗ್ಲಿ ಅಂತ ಆಂಟಿ."

"ಸರಿ, ಕತ್ತಲಾಯ್ತು. ಬ್ಯಾಟರಿ ತೆಗಿ ನೋಡೋಣ."

ಡೂಗಲ್ ಒಂದು ಜೇಬು ತೆರೆದ, ಇನ್ನೊಂದು ತೆರೆದ, ಮಂಡಿಯೂರಿ ಕೂತ. ಕೊನೆಗೆ ಸಿಕ್ಕಿದ್ದು ಹೋದ ವಾರದ ಮೊಟ್ಟೆ ಕಡುಬಿನ ಚೂರು. ವಿನಿ ಚೀಲದ ಬಟ್ಟೆಯನ್ನು ಉಗುರಿನಿಂದ ಕೆರೆದರು, ಪರಪರ ಎಂದಿತು.

"ಕೇಳಿಸ್ತಾ? ಜಿಂಕೆಗೆ ಮುಂಚೆನೇ ಹೇಳಿ ಕಳಿಸಿದ ಹಾಗಾಯ್ತು, ಡೂಗಲ್ ಸಾಹೇಬರು ಬರ್ತಿದ್ದಾರೆ ಅಂತ. ನೋಡು, ಜಾಗ ಇದ್ರೆ ನೀನು ತುಂಬ್ತೀಯ. ತುಂಬಿದ್ರೆ ಹೊರ್ತೀಯ. ಮಾಂಸ ಬಂದಾಗ ಎಲ್ಲಿಡ್ತೀಯ, ತಲೆ ಮೇಲಾ?"

ಮಾಂಸಕ್ಕೆ ಅವರು ತೋರಿಸುವ ಜಾಗ ಬೇರೆ. ಅವರು ಹೊಲಿಯುವ ಚೀಲದಲ್ಲಿ ಬೆನ್ನಿಗೆ ತಾಗುವ ಕೊಳವೆಯ ಚೌಕಟ್ಟಿಗೂ ಚೀಲಕ್ಕೂ ನಡುವೆ ಒಂದು ಸಂದು ಬಿಟ್ಟಿರುತ್ತಾರೆ. ಹೋಗುವಾಗ ಅದು ಮುಚ್ಚಿಕೊಂಡಿರುತ್ತದೆ. ಬರುವಾಗ ಪಟ್ಟಿ ಸಡಿಲಿಸಿದರೆ ಜಿಂಕೆಯ ತೊಡೆ ಅಲ್ಲಿ ಕೂರುತ್ತದೆ. ಭಾರ ಬೆನ್ನಿಗೆ ಅಂಟಿಕೊಂಡಿರುತ್ತದೆ, ಮಲಗುವ ಬಟ್ಟೆಗೆ ನೆತ್ತರು ತಾಗುವುದಿಲ್ಲ, ಹೊಳೆಯಲ್ಲಿ ಅದ್ದಿ ತೊಳೆದರೆ ಮುಗಿಯಿತು. ಉಳಿದ ಮಾತೆಲ್ಲ ಬೆನ್ನಿನದು. ಕುತ್ತಿಗೆಯ ಎಲುಬಿನಿಂದ ಸೊಂಟದ ಮೂಳೆಯವರೆಗೆ ಗೇಣು ಹಾಕಿ ಅಳೆಯುತ್ತಾರೆ. ಭಾರ ಹೆಗಲಲ್ಲಿ ಅಲ್ಲ, ಸೊಂಟದ ಮೇಲೆ ಕೂರಬೇಕು ಎಂಬುದು ಅವರ ಲೆಕ್ಕ. ಆಳು ಎಷ್ಟು ಉದ್ದ ಎಂದು ಅವರು ಕೇಳುವುದಿಲ್ಲ. "ಕಾಲು ಉದ್ದ ಇದ್ರೆ ಚೀಲಕ್ಕೇನು? ಚೀಲ ಕಾಲಿಗೆ ಹಾಕ್ಕೊಳ್ತೀರಾ?"

ಆಮೇಲೆ ಆರ್ಚಿಯ ಸರದಿ. ಆರ್ಚಿ ಎಂದರೆ ಜಿಂಕೆ ತೊಡೆಯ ಆಕಾರದಲ್ಲಿ ಹೊಲಿದ, ಹೊಳೆಯ ಮರಳು ತುಂಬಿದ ಚರ್ಮದ ಮೂಟೆ. ಆರ್ಚಿಯನ್ನು ಚೀಲದಲ್ಲಿ ಕಟ್ಟಿ ಹೊತ್ತು, ಊರ ಗುಡ್ಡದ ಮೇಲಿನ ಪ್ರಾರ್ಥನಾ ಮಂದಿರದವರೆಗೆ ಹತ್ತಬೇಕು. ಅಲ್ಲಿ ಸಮಾಧಿಗಳ ಅಂಗಳದ ಗೇಟಿನ ಹೊರಗೆ ತೂಗುವ ಗಂಟೆಯನ್ನು ಒಂದು ಸಲ ಬಾರಿಸಿ ಇಳಿದು ಬರಬೇಕು. ಗಂಟೆ ಕೇಳಿಸದೆ ಆಂಟಿ ಯಾರಿಗೂ ಚೀಲ ಕೊಡುವುದಿಲ್ಲ. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಆರ್ಚಿ ನಿನ್ನ ಹೊರ್ತಿದ್ದಾನೋ, ಆರ್ಚಿನ ನೀನು ಹೊರ್ತಿದ್ದೀಯೋ?" "ಕೂತ್ಕೊಂಡು ಹೋಗು ಡೂಗಲ್, ಚಹಾ ಇದೆ, ಆಂಬುಲೆನ್ಸೂ ಇದೆ!" ಬೆಳಗಿನ ಪ್ರಾರ್ಥನೆಗೆ ಮಂದಿರದ ಬಾಗಿಲು ತೆಗೆಯುವುದು ನನ್ನ ಕೆಲಸ. ಹೆಂಡತಿಯ ಸಮಾಧಿಯ ಮೇಲಿನ ಎಲೆ ತೆಗೆದು ನಾನು ಒಂದಿಷ್ಟು ಹೊತ್ತು ಅಲ್ಲೇ ಕೂರುತ್ತೇನೆ. ಆಗ ಕೆಳಗಿನಿಂದ ಏದುಸಿರು ಕೇಳಿಸಿದರೆ, ಆಂಟಿ ಇನ್ನೊಬ್ಬರನ್ನು ಕಳಿಸಿದ್ದಾರೆ ಎಂದು ತಿಳಿಯುತ್ತೇನೆ. ದೇವರು ಗುಡ್ಡವನ್ನು ಊರ ನಡುವೆ ಇಟ್ಟದ್ದು ಸುಮ್ಮನೆ ಅಲ್ಲ.

ಕಾಹು ಅಪ್ಪನ ಚೀಲದಲ್ಲಿ ಆರ್ಚಿಯನ್ನು ಕಟ್ಟಿಕೊಂಡು ಹತ್ತಿದ ದಿನ ಗಂಟೆ ಬಾರಿಸಲಿಲ್ಲ. ಅರ್ಧದಾರಿಯ ಕಲ್ಲಿನ ಮೇಲೆ ಕುಸಿದು ಕೂತಿದ್ದಳು. ಚೌಕಟ್ಟು ಅವಳ ತಲೆಯಿಂದ ಮೇಲಕ್ಕೆ ಚಾಚಿತ್ತು, ಸೊಂಟಪಟ್ಟಿ ತೊಡೆಗೆ ಇಳಿದಿತ್ತು. ಭಾರವೆಲ್ಲ ಹೆಗಲಿನಿಂದ ಜೋತುಬಿದ್ದಿತ್ತು. ಯಾರೂ ಹಾಸ್ಯ ಮಾಡಲಿಲ್ಲ. ವಿನಿ ತಾವೇ ಹತ್ತಿ ಹೋಗಿ ಪಕ್ಕದಲ್ಲಿ ಕೂತರು.

"ಬೇರೆ ಚೀಲ ಕೊಡ್ತೀನಿ ಮಗಳೇ. ನಿನ್ನ ಬೆನ್ನಿಗೆ ಹೇಳಿ ಮಾಡಿಸಿದ್ದು ಮೂಲೇಲಿದೆ."

"ಬೇಡ."

"ಹಾಗಾದ್ರೆ ಇದನ್ನೇ ಕತ್ತರಿಸ್ಬೇಕು. ಮೇಲ್ಗಡೆ ಬಳ್ಳಿ ಹೇಗಿರತ್ತೆ ನಿಂಗೊತ್ತು. ಹೆಜ್ಜೆಗೊಂದು ಸಲ ಈ ಚೌಕಟ್ಟಿಗೆ ಸಿಕ್ಕಿ ಹಿಂದಕ್ಕೆ ಎಳೀತದೆ."

"ಅಪ್ಪನ ಚೀಲಕ್ಕೆ ಕತ್ತರಿ ಹಾಕ್ತೀಯಾ ಆಂಟಿ?"

"ನಿಮ್ಮಪ್ಪನಿಗೆ ಇದನ್ನ ಹೊಲಿಯುವಾಗ ನಮ್ಮಪ್ಪ ಬಿಟ್ಟುಹೋದ ಡೇರೆ ಕತ್ತರಿಸಿದ್ದೆ."

"ಅಪ್ಪ ಏನೂ ಅನ್ಲಿಲ್ವಾ?"

"ಅತ್ತ."

"ಆಮೇಲೆ?"

"ಆಮೇಲೆ ಹೊತ್ತ."

ಕಾಹು ಮೂಗು ಒರೆಸಿಕೊಂಡು ನಕ್ಕಳು. ಇಬ್ಬರೂ ಆರ್ಚಿಯನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಇಳಿದರು.

ಹಾಗಾಗಿಯೇ ಈ ಬೆಳಗಿನ ದಬ್ಬಳ, ಈ ಬೈಗುಳ. ಹೊತ್ತು ಮೂಡುವಾಗ ಕೊನೆಯ ಹೊಲಿಗೆ ಬಿಡುತ್ತದೆ. ವಿನಿ ಚೌಕಟ್ಟಿನ ಕೊಳವೆಗಳನ್ನು ಗರಗಸದಿಂದ ಗಿಡ್ಡ ಮಾಡುತ್ತಾರೆ. ಹೆಗಲಪಟ್ಟಿ ಕೂರುವ ಜಾಗವನ್ನು ನಾಲ್ಕು ಬೆರಳು ಕೆಳಕ್ಕೆ ತರುತ್ತಾರೆ. ಆಮೇಲೆ ಕತ್ತರಿ ಹಿಡಿದು ಬಟ್ಟೆಯನ್ನು ಅಂಗೈಯಿಂದ ಸವರುತ್ತಾರೆ. ಪಕ್ಕದಲ್ಲಿ ನಿಂತ ನಾನು ಕಣ್ಣು ಮುಚ್ಚಿ ಒಂದು ಸಣ್ಣ ಪ್ರಾರ್ಥನೆ ಹೇಳುತ್ತೇನೆ. "ಉದ್ದ ಮಾಡ್ಬೇಡಿ ಅಣ್ಣ, ಬಟ್ಟೆ ಹಳೇದಾಗ್ತದೆ," ಎಂದು ವಿನಿ ಕತ್ತರಿ ಆಡಿಸಿಬಿಡುತ್ತಾರೆ. ಕತ್ತರಿಸಿ ಉಳಿದ ಹಸಿರು ಬಟ್ಟೆಯನ್ನು ಎಸೆಯುವುದಿಲ್ಲ. ನಾಲ್ಕು ಮಡಿಕೆ ಮಾಡಿ, ಕಾಹುವಿನ ಸೊಂಟಪಟ್ಟಿಯೊಳಗೆ ಮೆತ್ತೆಯಾಗಿ ಸೇರಿಸಿ ಹೊಲಿಯುತ್ತಾರೆ.

ಮರುದಿನ ಬೆಳಿಗ್ಗೆ ಗಂಟೆ ಬಾರಿಸುತ್ತದೆ. ಒಂದು ಸಲ ಸಾಲದೆಂದು ಕಾಹು ಮೂರು ಸಲ ಬಾರಿಸುತ್ತಾಳೆ. ಕೆಳಗಿನಿಂದ ಡೂಗಲ್ ಕೂಗುತ್ತಾನೆ: "ಸಾಕು ಮಾರಾಯ್ತಿ, ಜಿಂಕೆಗಳೆಲ್ಲ ಊರು ಬಿಟ್ಟಾವು!"

ಅಪ್ಪನ ಕೋವಿ, ಅಕ್ಕಿ, ಚಹಾಪುಡಿ, ಆಂಟಿಯ ಕೈಯ ಒಣದ್ರಾಕ್ಷಿ ರೊಟ್ಟಿ ಹೊತ್ತು ಕಾಹು ಹೊರಡುತ್ತಾಳೆ. ವಿನಿ ಹೇಳುವುದು ಇಷ್ಟೇ: "ಹೊಳೆ ತುಂಬಿದ್ರೆ ಗುಡಿಸಲಲ್ಲಿ ಕೂತ್ಕೋ. ಊಟ ತಡವಾದ್ರೆ ನಿಮ್ಮಪ್ಪ ಎಲ್ಲಿಗೂ ಎದ್ದು ಹೋಗಲ್ಲ."

ಎರಡು ದಿನ ಬಿಟ್ಟು ಮಳೆ ಹಿಡಿಯುತ್ತದೆ. ಬರುತ್ತೇನೆಂದ ದಿನ ಕಾಹು ಬರುವುದಿಲ್ಲ. ಊರ ಸಭಾಮನೆಯಲ್ಲಿ ಹೆಂಗಸರು ಆಲೂಗಡ್ಡೆ, ಸೊಪ್ಪು ರಾಶಿ ಹಾಕಿದ್ದಾರೆ, ಮಾಂಸದ ಹಂಡೆ ಮಾತ್ರ ಖಾಲಿ. ನಮ್ಮ ಮನೆ ಫ್ರೀಜರಿನಲ್ಲಿ ಬೇಕಾದಷ್ಟಿದೆ ಎಂದು ಡೂಗಲ್ ಮೆಲ್ಲಗೆ ಹೇಳಿ ನೋಡುತ್ತಾನೆ. ವಿನಿ ಎದ್ದು ಹೊರಟುಬಿಡುತ್ತಾರೆ. ಶೆಡ್ಡಿನಲ್ಲಿ ಯಂತ್ರ ತುಳಿಯುವ ಸದ್ದು ಬರುತ್ತಿದೆ. ಹೋಗಿ ನೋಡಿದರೆ ಸೂಜಿಯಲ್ಲಿ ದಾರವೇ ಇಲ್ಲ.

"ಕೂತ್ಕೋ ಅಂತ ಅವಳಿಗೆ ಹೇಳಿದವಳು ನಾನೇ," ಎನ್ನುತ್ತಾರೆ. "ಈಗ ಕೂತ್ಕೊಳ್ಳೋಕಾಗದೆ ಇರೋಳೂ ನಾನೇ. ಆ ಎಡಗಡೆ ಹೆಗಲಪಟ್ಟಿ, ಅಣ್ಣ... ಅದಕ್ಕೆ ಎರಡನೇ ಸಾಲು ಹಾಕಿದ್ನೋ ಇಲ್ವೋ?"

ಹಾಕಿದ್ದಿರಿ, ನಾನು ನೋಡಿದೆ ಎನ್ನುತ್ತೇನೆ. ಆದರೂ ಅವರು ಬಾಗಿಲಿನ ಕಡೆಗೇ ನೋಡುತ್ತಾರೆ. ಆ ಸಂಜೆ ಮಂದಿರದಲ್ಲಿ ನಾವಿಬ್ಬರೂ ಮಂಡಿಯೂರುತ್ತೇವೆ. ಅವರು ತಮ್ಮ ಭಾಷೆಯಲ್ಲಿ ಕೇಳಿಕೊಳ್ಳುತ್ತಾರೆ, ನಾನು ನನ್ನದರಲ್ಲಿ. ಮಳೆ ನಿಲ್ಲುತ್ತದೆ.

ಶುಕ್ರವಾರ ಮಧ್ಯಾಹ್ನ ಗುಡ್ಡದ ಗಂಟೆ ಬಾರಿಸುತ್ತದೆ.

ಕಾಹು ಮನೆಗೂ ಹೋಗದೆ, ಸಭಾಮನೆಗೂ ಹೋಗದೆ ನೇರ ಮಂದಿರಕ್ಕೆ ಹತ್ತಿದ್ದಾಳೆ. ಸಮಾಧಿಗಳ ಅಂಗಳದೊಳಗೆ ತಿನ್ನುವ ವಸ್ತು ಒಯ್ಯುವಂತಿಲ್ಲ. ಅದಕ್ಕೆ ಗೇಟಿನ ಹೊರಗೇ ನಿಂತಿದ್ದಾಳೆ. ಒಳಗೆ ರೇವಿಯ ಕಲ್ಲು ಇನ್ನೂ ಮುಸುಕು ಹೊದ್ದುಕೊಂಡಿದೆ. ಅವಳ ಬೆನ್ನ ಮೇಲೆ ಹಸಿರು ಚೀಲ, ಚೌಕಟ್ಟಿನ ಸಂದಿನಲ್ಲಿ ಬಿಳಿ ಬಟ್ಟೆ ಸುತ್ತಿದ ಎರಡು ತೊಡೆ. ಮುಖವೆಲ್ಲ ಮರಳುನೊಣದ ಕಡಿತದಿಂದ ಊದಿದೆ, ನಗು ಮಾತ್ರ ಕಿವಿಯವರೆಗೆ.

"ಏನೂ ಬಿಟ್ಟು ಬಂದಿಲ್ಲ ತಾತ," ಎಂದು ನನಗೆ ಹೇಳುತ್ತಾಳೆ. "ಬೆನ್ನ ಮಾಂಸ, ಈಲಿ, ಎದೆಗುಂಡಿಗೆ ಎಲ್ಲಾ ಚೀಲದೊಳಗಿದೆ. ರೊಟ್ಟಿ ಮಾತ್ರ ಕೀಯಾ ತಿಂದ್ಬಿಡ್ತು."

ಇಳಿಜಾರಿನಲ್ಲಿ ಊರೆಲ್ಲ ಬರುತ್ತಿದೆ. ಮುಂದೆ ವಿನಿ, ಏದುಸಿರು ಬಿಡುತ್ತ, ಏಪ್ರನ್ನನ್ನೂ ಬಿಚ್ಚದೆ. ಹತ್ತಿರ ಬಂದ ವಿನಿ ಮಾಂಸ ನೋಡುವುದಿಲ್ಲ, ಹುಡುಗಿಯ ಮುಖವನ್ನೂ ನೋಡುವುದಿಲ್ಲ. ಚೀಲ ಇಳಿಸಿ, ಅವಳ ಅಂಗಿಯ ಕಾಲರ್ ಸರಿಸಿ, ಹೆಗಲನ್ನು ಬೆಳಕಿಗೆ ತಿರುಗಿಸುತ್ತಾರೆ. ಮಡಚದ ಆ ಹೆಬ್ಬೆರಳಿನಿಂದ ಎಡಗಡೆ ಒತ್ತುತ್ತಾರೆ, ಬಲಗಡೆ ಒತ್ತುತ್ತಾರೆ. ಕೆಂಪು ಗೆರೆಯಿಲ್ಲ, ಬಾವು ಇಲ್ಲ.

"ನೋವಿದ್ಯಾ?"

"ಅಲ್ಲೇನೂ ಇಲ್ಲ ಆಂಟಿ. ಸೊಂಟ ಮಾತ್ರ ಉರೀತಿದೆ."

ವಿನಿ ಸೊಂಟಪಟ್ಟಿಯನ್ನು ಕೈಗೆತ್ತಿಕೊಂಡು, ಒಳಗಿನ ಹಸಿರು ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ತಡವಿ ನೋಡುತ್ತಾರೆ. ಈಗ ಉಸಿರು ಬಿಡುತ್ತಾರೆ.

"ಹಾಗಾದ್ರೆ ಸರಿಯಾಗಿದೆ," ಎನ್ನುತ್ತಾರೆ. "ಭಾರ ಎಲ್ಲಿರಬೇಕೋ ಅಲ್ಲೇ ಇದೆ."