ಬಾಳವ್ವ ತೋರಿಸಿದ ಒಲೆಗಳು

ಯಮಕನಮರಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ಬಾಳವ್ವ ಮೂವತ್ತು ವರ್ಷಗಳಿಂದ ಮಣ್ಣಿನ ಒಲೆ ಹಾಕಿಕೊಡುತ್ತಾಳೆ. ಹೊಗೆಯೆಲ್ಲ ಗೋಡೆಯ ಕೊಳವೆಯಿಂದ ಹೊರಗೆ ಹೋಗುವ ಹಾಗೆ ಅವಳು ಕಟ್ಟುವ ಒಲೆಗೆ ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರಿದೆ. ಅವಳ ತಾಯಿ ಒಲೆಯ ಮುಂದೆ ಕೆಮ್ಮುತ್ತ ಕೆಮ್ಮುತ್ತಲೇ ಐವತ್ತು ತುಂಬುವ ಮೊದಲು ಸತ್ತಿದ್ದಳು. ಹೊಗೆಯೆಂದರೆ ಬಾಳವ್ವನಿಗೆ ಹಗೆ ಹುಟ್ಟಿದ್ದು ಆಗ.

ಹಾಗಾಗಿಯೇ ಮೂರು ವರ್ಷಗಳ ಹಿಂದೆ ಸಾಗರ ಎಂಬ ತರುಣ ಬೈಕಿನಲ್ಲಿ ಬಂದು ಮಾತಾಡಿದಾಗ ಅವಳು ಒಂದೇ ಮಾತಿಗೆ ಒಪ್ಪಿದಳು.

"ಮಾವಶಿ, ನಮ್ಮ ಕಂಪನಿ ಮನಿಮನಿಗೂ ಪುಕ್ಕಟೆ ಒಲಿ ಕೊಡತೈತಿ. ಕಟ್ಟಿಗಿ ಅರ್ಧ ಸಾಕು. ಇನ್ನ ಇಪ್ಪತ್ತೈದು ವರ್ಷಕ್ಕ ಜಗತ್ತಿನ್ಯಾಗ ಹೊಗೀನ ಇರೂದಿಲ್ಲ ನೋಡ್ರಿ. ನಿಮ್ಮ ಮಾತು ಹೆಣ್ಮಕ್ಕಳು ಕೇಳ್ತಾರ. ನಮ್ಮ ಕೂಡ ಬರ್ರಿ."

ಬಾಳವ್ವ ಮನೆಮನೆ ತಿರುಗಿ ಇನ್ನೂರಕ್ಕೂ ಹೆಚ್ಚು ಹೆಂಗಸರನ್ನು ಶಾಲೆಯ ಅಂಗಳಕ್ಕೆ ಕರೆತಂದಳು. ಒಬ್ಬೊಬ್ಬರೂ ತಗಡಿನ ಒಲೆ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಬಾಳವ್ವನ ನಗುಮುಖ ಕಂಪನಿಯ ಕ್ಯಾಲೆಂಡರಿನ ಮೇಲೆ ಅಚ್ಚಾಯಿತು. ಪಕ್ಕದ ಮನೆಯ ರಾಮವ್ವ, ಹೊಸದಕ್ಕೆ ಜಾಗ ಬೇಕೆಂದು, ಬಾಳವ್ವನೇ ಹಿಂದೆ ಕಟ್ಟಿಕೊಟ್ಟಿದ್ದ ಮಣ್ಣಿನ ಒಲೆಯನ್ನು ಒಡೆದು ಹಾಕಿದಳು. "ಒಡಿ, ಇದು ಅದಕ್ಕಿಂತ ಚಲೋ ಐತಿ" ಎಂದವಳೂ ಬಾಳವ್ವನೇ.

ಹದಿನೈದೇ ದಿನಕ್ಕೆ ರಾಮವ್ವ ತಗಡಿನ ಒಲೆಯನ್ನು ಹಿತ್ತಲಿಗೆ ಎಸೆದು ಮೂರು ಕಲ್ಲು ಹೂಡಿದಳು. ಬಾಳವ್ವ ಬೈಯಲು ಹೋದರೆ ಅವಳು ಹಿಟ್ಟಿನ ಪರಾತ ಮುಂದೆ ತಳ್ಳಿದಳು. "ನೀನ ಎರಡು ರೊಟ್ಟಿ ಬಡಿ, ನೋಡೂಣು."

ಬಾಳವ್ವ ಹಿತ್ತಲಿಂದ ತಗಡಿನ ಒಲೆ ತಂದು ಹಚ್ಚಿ ಕುಳಿತಳು. ಒಲೆಯ ಸಣ್ಣ ಬಾಯಿಯಲ್ಲಿ ಕಬ್ಬಿನ ಒಣಗರಿಯ ರವದಿ ತೂರಲಿಲ್ಲ. ಹೆಂಚು ಓಲಾಡಿತು. ಜೋಳದ ರೊಟ್ಟಿಯನ್ನು ಕೆಂಡಕ್ಕೆ ಆನಿಸಿ ಉಬ್ಬಿಸಲು ಎಲ್ಲೂ ಜಾಗವಿರಲಿಲ್ಲ. ಅಂಚು ಕರಿಯಾಯಿತು, ನಡುವೆ ಹಸಿಹಿಟ್ಟು ಉಳಿಯಿತು. ಇಷ್ಟು ವರ್ಷ ಒಲೆ ಕಟ್ಟಿದ ತಾನು ಮೊದಲ ದಿನವೇ ಇದನ್ನು ಹಚ್ಚಿ ನೋಡಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸಾಗರನಿಗೆ ಹೇಳಿದರೆ ಅವನು ನಕ್ಕ. "ಹಚ್ಚಬೇಕಂತ ಏನಿಲ್ಲ ಬಿಡ್ರಿ ಮಾವಶಿ. ಮನ್ಯಾಗಿದ್ರ ಸಾಕು. ವರ್ಷಕ್ಕೊಮ್ಮೆ ತಪಾಸಣಿಗೆ ಬರ್ತಾರ, ಅವತ್ತ ಹಚ್ಚಿ ತೋರಿಸಿದ್ರಾತು."

ಆಮೇಲೆ ಅವನೇ ಬಿಡಿಸಿ ಹೇಳಿದ. ಒಂದೊಂದು ಒಲೆಯಿಂದ ಎಷ್ಟು ಹೊಗೆ ತಪ್ಪಿತು ಎಂದು ಕಂಪನಿ ಬರೆದಿಡುತ್ತದೆ. ಆ ಕಾಗದವನ್ನು ದೂರದ ಯಾವುದೋ ಸಿಮೆಂಟ್ ಕಾರ್ಖಾನೆ ಕೊಳ್ಳುತ್ತದೆ. ಕೊಂಡ ಮೇಲೆ ಆ ಕಾರ್ಖಾನೆ ತನ್ನದು ಹೊಗೆಯಿಲ್ಲದ ಸಿಮೆಂಟ್ ಎಂದು ಜಾಹೀರಾತು ಕೊಡಬಹುದು.

"ಮತ್ತ ಆ ಕಾರ್ಖಾನಿ ಚಿಮಣಿ?"

"ಅದು ನಡೀತಿರತೈತ್ರಿ."

"ಅಂದ್ರ ರಾಮವ್ವ ಇಲ್ಲೇ ಕೆಮ್ಮತಾಳ, ಚಿಮಣಿ ಅಲ್ಲೇ ಉಗುಳತೈತಿ. ಮತ್ತ ಕಮ್ಮಿ ಆಗಿದ್ದೆಲ್ಲಿ, ತಮ್ಮಾ?"

"ಕಾಗದದಾಗ ಕಮ್ಮಿ ಆಗೇತ್ರಿ ಮಾವಶಿ."

ಬಾಳವ್ವನಿಗೆ ಬರಿಗಾಲಲ್ಲಿ ಗಟಾರಕ್ಕೆ ಇಳಿದಂತಾಯಿತು. ಮನೆಗೆ ಬಂದು ಕ್ಯಾಲೆಂಡರ್ ಕಿತ್ತು ಒಲೆಗೆ ತುರುಕಿದಳು. ಪ್ಲಾಸ್ಟಿಕ್ ಸವರಿದ ಕಾಗದ ಸುರುಟಿಕೊಂಡು ಗಬ್ಬು ನಾತ ಬಿಟ್ಟಿತು. ತನ್ನದೇ ಮುಖ ಹಾಗೆ ನಾರುವುದನ್ನು ತಡೆಯಲಾರದೆ ಅವಳು ಹೊರಗೆ ಹೋಗಿ ವಾಂತಿ ಮಾಡಿದಳು.

ತಪಾಸಣೆಯ ದಿನ ಬೆಳಿಗ್ಗೆ ಅವಳು ಇನ್ನೊಂದನ್ನು ಕಂಡಳು. ಶಾಲೆಯ ಹಿಂದೆ ಸಾಗರ ಹಳೆಯ ಟಯರಿನ ತುಂಡುಗಳನ್ನು ಉರಿಸಿ, ಒಮ್ಮೆಯೂ ಬಳಸದ ಹತ್ತು ಒಲೆಗಳಿಗೆ ಮಸಿ ಹಿಡಿಸುತ್ತಿದ್ದ. ದಿನವೂ ಉರಿಸಿದ ಹಾಗೆ ಕಾಣಬೇಕಲ್ಲ! ಕಪ್ಪು ಹೊಗೆ ತರಗತಿಯ ಕಿಟಕಿಗೆ ನುಗ್ಗುತ್ತಿತ್ತು. ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ.

ಪುಣೆಯಿಂದ ಬಂದ ತಪಾಸಣೆಯ ಅಧಿಕಾರಿ ವಿದ್ಯಾ, ಧಾರವಾಡದ ಕಡೆಯವಳು. ಅವಳು ಜೀಪಿನಿಂದ ಇಳಿಯುತ್ತಲೇ ಬಾಳವ್ವ ಮುಂದೆ ಬಂದಳು. "ಮೇಡಂ, ಅವರು ತೋರಿಸೂ ಮನಿ ಆಮ್ಯಾಲ ನೋಡೀರಂತ. ಮೊದಲ ನನ್ನ ಕೂಡ ಬರ್ರಿ."

ಒಂದು ಹಿತ್ತಲಲ್ಲಿ ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ಇನ್ನೊಂದು ಕಡೆ ಅದು ತುಳಸಿಯ ಕುಂಡವಾಗಿತ್ತು. ಮತ್ತೊಂದರಲ್ಲಿ ಹರಕು ಚಪ್ಪಲಿಗಳಿದ್ದವು. ರಾಮವ್ವನ ಅಡುಗೆಮನೆಯಲ್ಲಿ ಮೂರು ಕಲ್ಲಿನ ನಡುವೆ ಸಗಣಿಯ ಕುಳ್ಳು ಹೊಗೆಯಾಡುತ್ತಿತ್ತು. ವಿದ್ಯಾ ಬಾಗಿಲಲ್ಲೇ ಕೆಮ್ಮಿ ಕಣ್ಣೊರೆಸಿಕೊಂಡಳು.

"ಮಾವಶಿಗೆ ವಯಸ್ಸಾಗೇತ್ರಿ ಮೇಡಂ, ತಲಿ ನೆಟ್ಟಗಿಲ್ಲ" ಎಂದ ಸಾಗರ ಹಿಂದಿನಿಂದ.

ವಿದ್ಯಾ ಅವನತ್ತ ತಿರುಗಲಿಲ್ಲ. "ಇಂಥಾವು ಎಷ್ಟ ಅದಾವ್ರಿ ಊರಾಗ?"

"ಹಚ್ಚೂ ಮನಿ ಎಣಿಸ್ರಿ ಮೇಡಂ. ಜಲ್ದಿ ಮುಗೀತೈತಿ" ಎಂದಳು ಬಾಳವ್ವ.

ಎರಡು ತಿಂಗಳಿಗೆ ಪತ್ರ ಬಂತು. ಊರಿನ ಹೆಸರನ್ನು ಯೋಜನೆಯಿಂದ ತೆಗೆದು ಹಾಕಿದ್ದರು. ಮುಂದಿನ ಸುತ್ತಿನಲ್ಲಿ ಕೊಡುತ್ತೇವೆಂದಿದ್ದ ಸೋಲಾರ್ ದೀಪಗಳೂ ಹೋದವು. ಹೆಂಗಸರು ಬಾಳವ್ವನ ಮೇಲೆ ಸಿಟ್ಟಾದರು. "ಸುಮ್ನ ಇದ್ದಿದ್ರ ಮನಿಗೊಂದು ಲೈಟಾದ್ರೂ ಬರ್ತಿತ್ತು" ಎಂದು ರಾಮವ್ವ ಮುಖ ತಿರುಗಿಸಿದಳು. ಅವಳ ಮೇಲೂ ಬಾಳವ್ವನಿಗೆ ಹೇಸಿಗೆ ಬಂತು. ಆದರೂ ಮರುವಾರ ಮಣ್ಣು ಕಲಸಿ ತಂದು, ಮಾತಿಲ್ಲದೆ ಅವಳ ಒಲೆ ಕಟ್ಟಿದಳು. ತನ್ನ ಮಾತು ಕೇಳಿ ಒಡೆದವರ ಮನೆಗಳಿಗೆ ಒಂದೊಂದಾಗಿ ಹೋದಳು. ಕೂಲಿ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಸುದ್ದಿ ಬಂತು. ಅದೇ ಕಂಪನಿ ಈಗ ಮೂಡಲಗಿಯ ಕಡೆ ಒಲೆ ಹಂಚುತ್ತಿದೆ, ಸಾಗರ ಅಲ್ಲಿ ಮ್ಯಾನೇಜರ್. ಬಾಳವ್ವ ಬಸ್ಸು ಹಿಡಿದು ಹೋದಳು. ಒಲೆ ಹಂಚುವ ಮಂಟಪದ ಹೊರಗೆ ಸಾಲುಗಟ್ಟಿದ್ದ ಹೆಂಗಸರಿಗೆ ರೊಟ್ಟಿಯಿಂದ ಚಿಮಣಿಯವರೆಗೆ ಎಲ್ಲವನ್ನೂ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು. ಸಾಲು ಕದಲಲಿಲ್ಲ.

"ಗೊತ್ತೈತಿ ಆಯಿ" ಎಂದಳು ಒಬ್ಬಳು. "ಗುಜರಿಯವಗ ಹಾಕಿದ್ರೂ ನಾಕ ರೂಪಾಯಿ ಬರತಾವು."

ಬಾಳವ್ವನ ಬಾಯಲ್ಲಿ ಕಹಿ ನೀರು ತುಂಬಿತು. ಪಕ್ಕಕ್ಕೆ ತಿರುಗಿ ಉಗಿದು ಬಂದಳು.

"ತಗೋರಿ" ಎಂದಳು. "ಆದ್ರ ಮನ್ಯಾಗಿನ ಮಣ್ಣಿನ ಒಲಿ ಒಡೀಬ್ಯಾಡ್ರಿ. ಯಾರು ಹೇಳಿದ್ರೂ ಒಡೀಬ್ಯಾಡ್ರಿ."

ಇಬ್ಬರು ತಲೆಯಾಡಿಸಿದರು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು, ಸಾಲು ಮುಂದೆ ಸರಿಯಿತು.