ಹೆಣ್ಣೊಪ್ಪಿಸುವ ಮಾತು

ಮಾತಿಗೆ ನಾನು ಹೆದರಿದವನಲ್ಲ. ನಾಲೆಯ ನೀರು ನಮ್ಮ ಕಡೆಗೆ ಬಂದ ಹೊಸತು. ಯಾರಾದರೂ ನನ್ನ ಸರದಿಯಲ್ಲಿ ನೀರು ತಿರುಗಿಸಿಕೊಂಡರೆ ನನ್ನ ಗಂಟಲು ನಮ್ಮೂರು ಹೊಳಲಿನ ಬಯಲಿಗೆಲ್ಲ ಕೇಳುತ್ತಿತ್ತು. ಆದರೆ ತಂಗಿಯ ಮದುವೆ ಗೊತ್ತಾದ ದಿನದಿಂದ ನಾಲಿಗೆ ಒಣಗತೊಡಗಿತು. ಅಪ್ಪ ತೀರಿಹೋಗಿದ್ದ. ಧಾರೆಯಾದ ಮೇಲೆ ಅವನ ಜಾಗದಲ್ಲಿ ನಿಂತು, ಎರಡು ಕಡೆಯ ನೆಂಟರೆದುರು ತಂಗಿಯನ್ನು ಗಂಡಿನವರಿಗೆ ಒಪ್ಪಿಸಬೇಕಾದವನು ನಾನು.

ಆಗ ಆಡುವ ಮಾತೇನೋ ಎಲ್ಲರಿಗೂ ಬಾಯಿಪಾಠ. 'ಇಲ್ಲೀಗಂಟ ನಮ್ಮ ಮಗಳು, ಇನ್ಮುಂದೆ ನಿಮ್ಮ ಮಗಳು. ತಪ್ಪು ಮಾಡುದ್ರೆ ಒಡ್ದು ಬಡ್ದು ಬುದ್ಧಿ ಕಲ್ಸಿ ಮಡಿಕಳಿ.' ಯಾರ ಮನೆಯ ಚಪ್ಪರದಲ್ಲಾದರೂ ಇದೇ. ಅಷ್ಟನ್ನೇ ಹೇಳಿ ಕೈ ತೊಳೆದುಕೊಳ್ಳುವಂತಿದ್ದರೆ ನನಗೇನೂ ಕಷ್ಟವಿರಲಿಲ್ಲ.

ಕಷ್ಟ ತಂದವಳು ಅವ್ವ. ಒಂದು ಸಂಜೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದಳು: "ಮಗ, ಆ ಒಡ್ದು ಬಡ್ದು ಅನ್ನೋ ಮಾತ ನೀನು ಆಡ್ಬ್ಯಾಡ. ನನ್ನ ಒಪ್ಪಿಸ್ದಾಗ ನಿಮ್ ತಾತ ಅಂಗಂದ. ನಿಮ್ಮಪ್ಪ ಅದ ಮರೀನೇ ಇಲ್ಲ."

ಅಪ್ಪನ ಕೈ ದುಡುಕು ಎಂದು ನಮಗೆ ಗೊತ್ತಿತ್ತು. ಅವ್ವ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಉತ್ತರ ಕೊಡುವುದರೊಳಗೆ ಅವಳೇ ಮುಂದುವರಿಸಿದಳು: "ಒಡೀಬ್ಯಾಡಿ ಅಂತ ಯೋಳು. ಎಲ್ಲರ ಮುಂದೆ ಯೋಳ್ಬುಡು."

ಹೇಳುವುದು ಅಷ್ಟು ಸುಲಭವೇ? ಮಳವಳ್ಳಿ ಕಡೆಯ ಗಂಡಿನವರು ಮಾನವಂತರು, ಮೂಗಿನ ತುದಿಯಲ್ಲೇ ಸಿಟ್ಟು. 'ನಮ್ಮನ್ನೇನು ಹೆಣ್ಣು ಹೊಡೆಯೋರು ಅಂದ್ಕೊಂಡ್ರಾ' ಎಂದು ತಿರುಗಿ ಬಿದ್ದರೆ ಅದರ ಬಿಸಿ ತಟ್ಟುವುದು ತಂಗಿಗೇ. ಹೇಳದಿದ್ದರೆ ಅವ್ವನ ಮುಖ ನೋಡುವ ಹಾಗಿಲ್ಲ. ನನಗೆ ಊಟ ಸೇರದಾಯಿತು.

ನಾಲೆ ಏರಿಯ ಮೇಲೆ ಓಡಾಡಿಕೊಂಡು ಅಭ್ಯಾಸ ಶುರುಮಾಡಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಇದ್ಯಾಕಪ್ಪ ಒಬ್ಬೊಬ್ನೇ ಮಾತಾಡ್ಕತೀಯ, ಗಾಳಿ ಗೀಳಿ ಮೆಟ್ಕತಾ?" ಎಂದಳು. ಅಲ್ಲಿಗೆ ಆ ಅಭ್ಯಾಸ ಮುಗಿಯಿತು. ಮಂಡ್ಯಕ್ಕೆ ಸೀರೆ ಜವಳಿಗೆ ಹೋದಾಗ ನನಗೆ ಓದು ಕಲಿಸಿದ್ದ ಮೇಷ್ಟ್ರನ್ನು ಕಂಡೆ. ಊರೂರು ಸುತ್ತಿ ಭಾಷಣ ಮಾಡಿದವರು. "ಉಸಿರು ಎಳೆದುಕೋ ಕಣಯ್ಯ. ಮೊದಲನೇ ಮಾತನ್ನು ನಿಧಾನವಾಗಿ ಆಡು, ಮಿಕ್ಕಿದ್ದು ತಾನಾಗಿ ಬರುತ್ತೆ. ತಂಗಿ ಮುಖ ಮಾತ್ರ ನೋಡಬೇಡ" ಎಂದರು. ಚಿಕ್ಕರಸಿನಕೆರೆಯ ಸೋದರಮಾವನಿಗೆ ಇಂಥ ಸೂಕ್ಷ್ಮವೆಲ್ಲ ಬೇಡ. "ಒಂದು ಬುರುಡೆ ಎಂಡ ಇಳ್ಸು, ಎದೆ ಕಲ್ಲಾಯ್ತದೆ" ಎಂದ. ಅವನು ಮದುವೆಯ ಬೆಳಿಗ್ಗೆಯೇ ತನ್ನ ಎದೆಯನ್ನು ಕಲ್ಲು ಮಾಡಿಕೊಂಡು ಬಂದಿದ್ದ.

ಅಂದು ಹಿತ್ತಲಲ್ಲಿ ಹುಲ್ಲಿನ ಮೆದೆಯ ಹಿಂದೆ ನಿಂತು ಮೇಷ್ಟ್ರು ಹೇಳಿದಂತೆ ಉಸಿರು ಎಳೆಯುತ್ತಿದ್ದೆ. ತಲೆ ತುಂಬ ಹೂ ಮುಡಿದ ತಂಗಿ ಹುಡುಕಿಕೊಂಡು ಬಂದಳು. ಒಂದು ಗಳಿಗೆ ನೋಡಿ ನಕ್ಕೇಬಿಟ್ಟಳು.

"ಓಯ್ತಾ ಇರೋಳು ನಾನು ಕಣಣ್ಣ. ನೀನ್ಯಾಕೆ ನಡುಗ್ತೀಯ?"

ಬೈಯಬೇಕೆಂದು ಬಾಯಿ ತೆರೆದೆ, ಅವಳು ಒಂದು ಚೂರು ಬೆಲ್ಲ ಬಾಯಿಗಿಟ್ಟಳು. ಹಿಂದಿನ ದಿನದಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಗಮನಿಸಿದ್ದವಳು ಅವಳೊಬ್ಬಳೇ. ನಡುಕ ಸ್ವಲ್ಪ ಇಳಿಯಿತು. ಇವಳಿಲ್ಲದ ಮನೆಯಲ್ಲಿ ಇನ್ನು ನನ್ನನ್ನು ಗದರಿಸುವವರು ಯಾರು ಎಂದು ಸಂಕಟವೂ ಆಯಿತು.

ಚಪ್ಪರದಲ್ಲಿ ಹಿತ್ತಾಳೆ ತಟ್ಟೆಗೆ ಹಾಲು ಹುಯ್ದಿದ್ದರು. ತಂಗಿಯ ಕೈಯನ್ನು ಹಾಲಿನಲ್ಲಿ ಅದ್ದಿ ಅವಳ ಅತ್ತೆಯ ಕೈಯಲ್ಲಿಟ್ಟೆ. ಅವ್ವ ವಿಧವೆ, ಶಾಸ್ತ್ರದ ಹತ್ತಿರ ಬರುವ ಹಾಗಿಲ್ಲ. ನಡುಮನೆಯ ಬಾಗಿಲ ಹಿಂದೆ ಅವಳ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು.

ಉಸಿರು ಎಳೆದುಕೊಂಡೆ. ಮೊದಲನೇ ಮಾತನ್ನು ನಿಧಾನವಾಗಿಯೇ ಆಡಿದೆ. "ಇಲ್ಲೀಗಂಟ ನಮ್ಮ ಮಗಳು, ಇನ್ಮುಂದೆ ನಿಮ್ಮ ಮಗಳು." ಮಿಕ್ಕಿದ್ದು ತಾನಾಗಿ ಬರುತ್ತೆ ಎಂದಿದ್ದರಲ್ಲ ಮೇಷ್ಟ್ರು, ಹಾಗೇ ಬಂತು, ಹಾಳಾದ್ದು. ಹುಟ್ಟಿದಾಗಿನಿಂದ ಕೇಳಿದ ಮಾತು ನನ್ನ ಅಪ್ಪಣೆಗೆ ಕಾಯಲಿಲ್ಲ. "ತಪ್ಪು ಮಾಡುದ್ರೆ ಒಡ್ದು..." ಎಂದುಬಿಟ್ಟೆ.

ಬಾಗಿಲಲ್ಲಿ ಸೆರಗು ಅಲುಗಿತು. ಮಾವ ಹಿಂದಿನಿಂದ, "ಬಡ್ದು ಬುದ್ಧಿ ಕಲ್ಸಿ ಅನ್ನು, ಅನ್ಲಾ" ಎಂದು ತಿವಿಯುತ್ತಿದ್ದ. ನಾನು ತಂಗಿಯ ಮುಖ ನೋಡಿದೆ. ಅವಳು ನನಗಾಗಿ ಹೆದರಿಕೊಂಡಿದ್ದಳು.

"ಒಡೀಬೇಕು ಅನ್ನುಸ್ದಾಗ ನನ್ಗೆ ಯೋಳಿ ಕಳ್ಸಿ. ಗಾಡಿ ಕಟ್ಕೊಂಡು ಮಳವಳ್ಳಿಗೆ ಬತ್ತೀನಿ. ನನ್ನ ಒಡೀರಿ. ಅವಳ ಮೇಲೆ ಮಾತ್ರ ಕೈ ಎತ್ಬ್ಯಾಡಿ. ಕಾಲಿಗೆ ಬೀಳ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಗಂಡಿನ ದೊಡ್ಡಪ್ಪ ಹೆಗಲ ಮೇಲಿನ ಟವಲು ಕೊಡವಿ ಎದ್ದ. "ಇದ್ಯಾವ ಸೀಮೆ ಮಾತ್ಲಾ? ನಾವೇನು ಕಟುಕರಾ?" ಅಂದುಕೊಂಡಂತೆಯೇ ಆಯಿತು, ತಂಗಿಯ ಬಾಳನ್ನು ಚಪ್ಪರದಲ್ಲೇ ಹಾಳುಮಾಡಿದೆ ಎಂದುಕೊಂಡೆ.

"ನೀ ಕುಂತ್ಕೊ ಬಾವ" ಎಂದಳು ತಂಗಿಯ ಅತ್ತೆ. ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಸಣಕಲು ಹೆಂಗಸು. ನನ್ನ ಕಡೆ ತಿರುಗಿ, "ಇದು ನಿನ್ ಮಾತಲ್ಲ ಕಣಪ್ಪ. ಇದ ಯೋಳ್ಸಿದೋರು ಯಾರು?" ಎಂದು ಕೇಳಿದಳು.

ನಾನು ಬಾಗಿಲ ಕಡೆ ನೋಡಿದೆ. ಅತ್ತೆ ತಂಗಿಯ ಒದ್ದೆ ಕೈ ಬಿಡದೆ, ಹಾಲು ತೊಟ್ಟಿಕ್ಕಿಸಿಕೊಂಡೇ ಬಾಗಿಲವರೆಗೆ ನಡೆದು ಹೋದಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

"ನಮ್ಮವ್ವ ಇಂಗೆ ಯೋಳ್ಸಿದ್ರೆ ನನ್ ಬಾಳೂ ಬ್ಯಾರೆ ಆಗಿರೋದು ಕಣವ್ವ" ಎಂದಳು. "ನಾನಿರೋಗಂಟ ಇವಳ ಮೇಲೆ ಯಾರ್ ಕೈಯೂ ಬೀಳಾಕಿಲ್ಲ."

ಅವ್ವ ಹೊಸಿಲು ದಾಟಿ ಬಂದಳು. ಮಗಳ ಕೈ ಹಿಡಿಯುತ್ತಾಳೆ ಎಂದುಕೊಂಡೆ. ಅವಳು ಆ ಹೆಂಗಸಿನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.