ಪೇಂಟರಣ್ಣನ ಕಿತ್ತಳೆ ಗುಲಾಬಿ

ಆ ದಡದಲ್ಲಿ ಬೋಟುಗಳಿಗೆ ಬಣ್ಣ ಹೊಡೆಯುವವರು ನಾಲ್ಕು ಮಂದಿ ಇದ್ದರು. ಆದರೆ ‘ಪೇಂಟರಣ್ಣ’ ಎಂದರೆ ಎಲ್ಲರೂ ಒಬ್ಬನ ಮನೆಯತ್ತಲೇ ಕೈ ತೋರಿಸುತ್ತಿದ್ದರು. ಬೋಟಿನ ಮೂತಿಯಿಂದ ಹಿಂಬದಿಯವರೆಗೆ ಅವನು ಗೆರೆ ಎಳೆದರೆ, ನೂಲು ಹಿಡಿದು ನೋಡಿದರೂ ಕೂದಲೆಳೆಯಷ್ಟು ಸೊಟ್ಟ ಸಿಗುತ್ತಿರಲಿಲ್ಲ. ಹೆಸರು ಬರೆದರೆ ಅಚ್ಚು ಒತ್ತಿದ ಹಾಗೆ. ಇಷ್ಟೆಲ್ಲ ಇದ್ದ ಪೇಂಟರಣ್ಣನಿಗೆ ಒಂದೇ ಒಂದು ಸಣ್ಣ ಕೊರತೆಯಿತ್ತು. ಅವನಿಗೆ ಬಣ್ಣ ಕಾಣುತ್ತಿರಲಿಲ್ಲ.

ಒಂದೂ ಕಾಣುತ್ತಿರಲಿಲ್ಲ ಎಂದರೆ ಸುಳ್ಳಾದೀತು. ನೀಲಿ ಕಾಣುತ್ತಿತ್ತು, ಹಳದಿ ಕಾಣುತ್ತಿತ್ತು. ಕೆಂಪು, ಹಸಿರು, ಕಿತ್ತಳೆ, ಕಂದು ಮಾತ್ರ ಒಂದೇ ಬಸಿರಿನಲ್ಲಿ ಹುಟ್ಟಿದ ಮಕ್ಕಳ ಹಾಗೆ ಎದುರು ನಿಂತು ‘ಯಾರು ಹೇಳು ನೋಡೋಣ’ ಎಂದು ಅವನನ್ನು ಆಟ ಆಡಿಸುತ್ತಿದ್ದವು.

ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ, ಎಂದು ಅವನು ನಂಬಿದ್ದ. ಮದುವೆಯಾದ ಹೊಸತರಲ್ಲಿ ಒಂದು ಕಿಲೋ ಟೊಮೆಟೊ ತಂದಿದ್ದ. ಒಂದೊಂದನ್ನೂ ಒತ್ತಿ, ಗಟ್ಟಿಯಾದದ್ದನ್ನೇ ಆರಿಸಿದ್ದ. ಅವಳು ಚೀಲ ಬಗ್ಗಿಸಿ ನೋಡಿ, “ರೀ, ಅಡುಗೆ ಇವತ್ತಾ, ಇನ್ನು ಎರಡು ವಾರಕ್ಕಾ?” ಎಂದಳು. ಎಲ್ಲವೂ ಹಸಿರು ಕಾಯಿ. “ಗಟ್ಟಿ ಇದ್ರೆ ಬಾಳಿಕೆ ಬರುತ್ತೆ,” ಎಂದು ಅವನು ಸಾಧಿಸಿದ. ಅವಳು ಐಸ್ ಫ್ಯಾಕ್ಟರಿಯಲ್ಲಿ ತೂಕದ ಕೆಲಸದವಳು, ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಮುಳ್ಳು ನೋಡಿ ಹೇಳುವವಳು. ಗಂಡನನ್ನೂ ಅಂದೇ ತೂಗಿ ಬಿಟ್ಟಳು. ಮರುದಿನದಿಂದ ಮನೆಗೆ ಬಂದ ಬಣ್ಣದ ಡಬ್ಬಿಗಳ ಮುಚ್ಚಳದ ಮೇಲೆ ಗುರುತಿಗೆಂದು ಮೊಳೆಯಲ್ಲಿ ಗೀರು ಬಿದ್ದವು. ಕೆಂಪಿಗೆ ಒಂದು, ಹಸಿರಿಗೆ ಎರಡು.

ಗಿರಾಕಿಗಳಿಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು. “ಬಣ್ಣ ನೀವೇ ತನ್ನಿ, ಕೈ ನಂದು.” ಉಳಿದ ಪೇಂಟರುಗಳು ಬಣ್ಣದಂಗಡಿಯವನ ಜೊತೆ ಒಳಗೊಳಗೇ ಸೇರಿಕೊಳ್ಳುತ್ತಾರೆಂಬ ಗುಮಾನಿ ಇದ್ದ ಕಾಲ. ಹಾಗಾಗಿ ತಾನಾಗಿ ಡಬ್ಬಿ ಕೊಳ್ಳದ ಪೇಂಟರಣ್ಣ ಭಾರೀ ಪ್ರಾಮಾಣಿಕ ಎಂದು ಹೆಸರಾಯಿತು. ಮೂವತ್ತು ವರ್ಷ ಆ ಹೊಗಳಿಕೆಯನ್ನು ಅವನು ಬಲು ವಿನಯದಿಂದ ಸ್ವೀಕರಿಸಿದ್ದ.

ಇಂಥವನ ಕೈಗೆ ಗುಲಾಬಿ ಸಿಕ್ಕಿದ್ದು ಹೆಂಡತಿಯಿಂದ. ಮನೆಯ ಬಾಗಿಲಿಗೂ ಗೇಟಿಗೂ ನಡುವೆ ಎರಡು ಚಾಪೆ ಹಾಸುವಷ್ಟು ಜಾಗವಿತ್ತು. ಎರಡು ಓಣಿ ದಾಟಿದರೆ ಸಮುದ್ರ. ಅವಳು ಅಲ್ಲಿ ಎತ್ತರದ ಗುಲಾಬಿಗಳನ್ನು ನೆಟ್ಟು ನೋಡಿದ್ದಳು. ಗಾಳಿ ಒಂದೊಂದನ್ನೇ ಹಿಡಿದು ಕೆನ್ನೆಗೆ ಬಾರಿಸಿದ ಹಾಗೆ ಬಾರಿಸಿತು, ಉಳಿದ ಎಲೆಗಳ ಅಂಚನ್ನು ಉಪ್ಪು ಸುಟ್ಟಿತು. ಕೊನೆಗೆ ನರ್ಸರಿಯವಳು, “ಗಿಡ್ಡ ಜಾತಿ ಹಾಕಿ ಅಕ್ಕ. ಮೊಣಕಾಲಿಗಿಂತ ಮೇಲೆ ಹೋಗಲ್ಲ, ಗೋಡೆ ಮರೆಯಲ್ಲೇ ಒತ್ತೊತ್ತಾಗಿ ಬೆಳೆಯುತ್ತೆ. ಕಿತ್ತಳೆ ಹೂವು,” ಎಂದು ನಾಲ್ಕು ಗಿಡ ಕೊಟ್ಟಳು.

ನೆಡಲು ಗುಂಡಿ ತೋಡಿಕೊಟ್ಟ ಪೇಂಟರಣ್ಣ ಅಲ್ಲಿಂದ ಏಳಲೇ ಇಲ್ಲ. ಕೊಂಬೆಗೆ ಕೊಂಬೆ ಹೆಣೆದುಕೊಂಡು ಬುಟ್ಟಿ ಮಗುಚಿಟ್ಟ ಹಾಗೆ ಕೂತ ಆ ಗಿಡದ ಅಚ್ಚುಕಟ್ಟು ಅವನಿಗೆ ಹಿಡಿಸಿಬಿಟ್ಟಿತು. ಗೇಟಿನ ಸರಳಿಗೆ ಹಳೆಯ ಮೀನಿನ ಬಲೆಯನ್ನು ಎರಡು ಪದರ ಕಟ್ಟಿದ. ಹಲಗೆ ಕಟ್ಟಿದರೆ ಗಾಳಿ ಮೇಲಿನಿಂದ ಹಾರಿ ಒಳಗೆ ಕುಪ್ಪಳಿಸುತ್ತದೆ, ಬಲೆಯಾದರೆ ಸೋಸಿ ಬಿಡುತ್ತದೆ ಎಂದು ದಾರಿಹೋಕರಿಗೂ ಪಾಠ ಹೇಳಿದ. ಗಾಳಿ ಬೀಸಿದ ಮರುದಿನ ಬೆಳಿಗ್ಗೆ ಸಿಹಿನೀರಲ್ಲಿ ಎಲೆ ಎಲೆಯ ಉಪ್ಪು ತೊಳೆದ. “ನನ್ನ ಬೆನ್ನಿಗೆ ಒಂದು ದಿನಾನೂ ಇಷ್ಟು ನೀರು ಹಾಕಿಲ್ಲ ಈ ಮಹಾರಾಯ,” ಎಂದು ಹೆಂಡತಿ ಒಳಗಿನಿಂದ ಕೇಳುವ ಹಾಗೆ ಹೇಳಿದಳು.

ತಮಾಷೆಯೆಂದರೆ, ಹೂವು ಬಂದಾಗ ಅವನಿಗೆ ಎಲೆ ಯಾವುದು ಹೂ ಯಾವುದು ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ಹಾಗಾಗಿ ಬಾಡಿದ ಹೂ ಕೀಳಲು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಹೆಬ್ಬೆರಳಿನಲ್ಲಿ ಸವರಿ ನೋಡುತ್ತಿದ್ದ. ಹೊಸದಾದರೆ ದಳ ತಣ್ಣಗೆ, ಬಿಗಿಯಾಗಿರುತ್ತದೆ. ಹಳತಾದರೆ ಕಾಗದ. ಕಣ್ಣಿದ್ದವರು ನಾಲ್ಕು ಬಿಟ್ಟು ನಾಲ್ಕು ಕೀಳುತ್ತಾರೆ, ಇವನ ಬೆರಳು ಒಂದನ್ನೂ ಬಿಡುತ್ತಿರಲಿಲ್ಲ. ಬಾಡಿದ್ದು ಹೋದ ಹಾಗೆಲ್ಲ ಗಿಡ ಹೊಸ ಮೊಗ್ಗು ಬಿಟ್ಟಿತು. ಮೂರನೇ ವರ್ಷಕ್ಕೆ ಆ ಎರಡು ಚಾಪೆಯಷ್ಟು ಜಾಗ ಕೆಂಡದ ಹಾಸಿಗೆಯಾಗಿತ್ತು, ಎಂದು ಜನ ಹೇಳಿದರು. ಅವನು “ಹೌದೌದು” ಎಂದ.

ಒಂದು ದಿನ ಬೋಟಿನಕ್ಕ ಗೇಟಿನ ಬಳಿ ನಿಂತಳು. ಎರಡು ಬೋಟುಗಳ ಒಡತಿ ಅವಳು. ಗಂಡ ತೀರಿಕೊಂಡ ಮೇಲೆ ಅವನ್ನು ತಾನೇ ನಡೆಸುತ್ತಿದ್ದಳು. ಅವಳ ದನಿಗೆ ಮೈಕು ಬೇಕಿರಲಿಲ್ಲ.

“ಪೇಂಟರಣ್ಣ, ದೊಡ್ಡ ಬೋಟಿಗೆ ಈ ಬಣ್ಣಾನೇ ಬೇಕು ನೋಡಿ. ಮಂಜಿದ್ರೂ ಎದ್ದು ಕಾಣಬೇಕು.”

“ಆಗ್ಲಕ್ಕ. ಡಬ್ಬಿ ತಂದುಕೊಡಿ.”

“ಅಂಗಡಿಯಲ್ಲಿ ಈ ಬಣ್ಣ ಇಲ್ಲ. ಇರೋದೆಲ್ಲ ಸಪ್ಪೆ. ಹೂವು ನಿಮ್ಮನೇದು, ಬೆರೆಸೋದೂ ಮನೆಯಲ್ಲೇ ಆಗಲಿ.”

ಪೇಂಟರಣ್ಣ ಮೂವತ್ತು ವರ್ಷದಲ್ಲಿ ಬಣ್ಣ ಬೆರೆಸಿದವನಲ್ಲ. ಆದರೂ ಬಾಯಿ “ಅದೇನು ಮಹಾ!” ಎಂದಿತು.

“ಸಂಜೆವರೆಗೆ ಕಾಯ್ರಿ, ನಾನು ಬಂದು ಬೆರೆಸಿಕೊಡ್ತೀನಿ,” ಎಂದು ಮರುದಿನ ಬೆಳಿಗ್ಗೆ ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು. “ಮೂವತ್ತು ವರ್ಷ ಬ್ರಷ್ ಹಿಡಿದವನು ನಾನು. ಕೆಂಪಿಗೆ ಹಳದಿ ಸೇರಿಸಿದ್ರೆ ಕಿತ್ತಳೆ, ಅಷ್ಟೂ ಗೊತ್ತಿಲ್ವಾ?” ಎಂದ ಅವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡಿದರೆ ಫ್ಯಾಕ್ಟರಿಯಲ್ಲಿ ಐಸ್ ಕರಗುತ್ತದೆ. ಅವಳು ಹೊರಟುಹೋದಳು.

ಹಳೆಯ ಕೆಲಸಗಳಲ್ಲಿ ಉಳಿದಿದ್ದ ಡಬ್ಬಿಗಳಲ್ಲಿ ಅವನು ಒಂದು ಗೀರಿನದನ್ನು ತೆಗೆದ, ಹಳದಿ ಬೆರೆಸಿದ, ಒಂದು ಹಲಗೆ ಚೂರಿಗೆ ಬಳಿದು ಹೂವಿನ ಪಕ್ಕ ಹಿಡಿದ. ಅವನ ಕಣ್ಣಿಗೆ ಎರಡೂ ಅಣ್ಣತಮ್ಮ! ಆದರೆ ಹಿಂದಿನ ವಾರ ಮುಚ್ಚಳಗಳನ್ನೆಲ್ಲ ಕೆರೆದು ಶುಚಿ ಮಾಡಿದವನೂ ಅವನೇ, ಒಂದು ಡಬ್ಬಿಯದನ್ನು ಇನ್ನೊಂದಕ್ಕೆ ಮುಚ್ಚಿದವನೂ ಅವನೇ. ಡಬ್ಬಿಯ ಚೀಟಿಗಳಂತೂ ಬಣ್ಣ ಸುರಿದು ಎಂದೋ ಮುಚ್ಚಿಹೋಗಿದ್ದವು.

ಮಧ್ಯಾಹ್ನದ ಹೊತ್ತಿಗೆ ಬೋಟಿನ ಒಂದು ಪಕ್ಕ ಮುಗಿದಿತ್ತು. ಬಲೆ ಹೊಲಿಯುವವರು, ಎಂಜಿನ್ ರಿಪೇರಿಯವರು, ಹಮಾಲಿಗಳು ಒಬ್ಬೊಬ್ಬರಾಗಿ ಬಂದು ನಿಂತರು. “ಗೆರೆ ಬಹಳ ನೇರ ಬಂದಿದೆ ಅಣ್ಣ,” ಎಂದ ಒಬ್ಬ. “ಬಣ್ಣ ಹೇಗಿದೆ?” ಎಂದ ಪೇಂಟರಣ್ಣ, ಹೆಮ್ಮೆಯಿಂದ. ಎಲ್ಲರಿಗೂ ಒಟ್ಟಿಗೇ ಕೆಮ್ಮು ಬಂತು.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಬೋಟನ್ನು ನೋಡಿದಳು, ಗಂಡನನ್ನು ನೋಡಿದಳು.

“ರೀ, ಈ ಬೋಟಿಗೆ ಪಾಚಿ ಯಾವಾಗ ಹಿಡೀತು?”

ಹಮಾಲಿಗಳಲ್ಲಿ ಒಬ್ಬ ತಡೆಯಲಾರದೆ ನಕ್ಕ. ಅಲ್ಲಿಗೆ ಕಟ್ಟೆ ಒಡೆಯಿತು. ಪೇಂಟರಣ್ಣ ಬ್ರಷ್ ಹಿಡಿದುಕೊಂಡೇ ನಿಂತ. ನಗು ನಿಂತ ಮೇಲೆ, ಗುಂಪಿನ ಹಿಂದೆ ಬಂದು ನಿಂತಿದ್ದ ಬೋಟಿನಕ್ಕ ಮುಂದೆ ಬಂದಳು.

“ಬೇಜಾರು ಮಾಡ್ಕೋಬೇಡಿ ಅಣ್ಣ. ನಮಗೆಲ್ಲ ಮೊದಲಿಂದ ಗೊತ್ತು.”

“ಏನು ಗೊತ್ತು?”

“ನಮ್ಮೆಜಮಾನ್ರು ಇದ್ದಾಗ ಬೋಟಿನ ಎರಡು ಬದಿಯ ದೀಪದ ಹಲಗೆಗಳಿಗೆ ಬಣ್ಣ ಹಾಕಿಸಿದ್ರಲ್ಲ? ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇರಬೇಕು. ನೀವು ತಿರುವುಮುರುವು ಮಾಡಿದ್ರಿ. ಅವರು ಸುಮ್ಮನೆ ಸ್ಕ್ರೂ ಬಿಚ್ಚಿ ಆ ಕಡೆದು ಈ ಕಡೆ ಹಾಕಿದ್ರು.”

“ಹೇಳ್ಬಾರ್ದಿತ್ತಾ?”

“ಹೇಳಿ ಏನಾಗಬೇಕು? ಇಂಥ ಗೆರೆ ಎಳೆಯೋರು ಇನ್ನೆಲ್ಲಿ ಸಿಗ್ತಾರೆ? ಬಣ್ಣದ ಡಬ್ಬಿ ತಂದುಕೊಟ್ರಾಯ್ತು ಅಂದ್ಕೊಂಡ್ವಿ. ಈ ಸಲ ನಿಮ್ಮ ಮನೆಯವರು ಬೆರೆಸ್ತಾರೆ ಅಂತ ನಂಬಿದ್ದೆ, ಅಷ್ಟೇ ನನ್ನ ತಪ್ಪು.”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು ಎನ್ನುತ್ತಾರಲ್ಲ, ಇಲ್ಲಿ ಬೆಕ್ಕು ಮೂವತ್ತು ವರ್ಷ ಕುಡಿದಿತ್ತು, ಊರವರು ಪಾಪ ಎಂದು ಬಟ್ಟಲು ತುಂಬಿಸುತ್ತ ಬಂದಿದ್ದರು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆಂದು ಅವನಿಗೆ ತಿಳಿಯಲಿಲ್ಲ. ಬ್ರಷ್ ತೊಳೆದಿಟ್ಟು, ಊಟವನ್ನೂ ಮಾಡದೆ ಮನೆಗೆ ನಡೆದ.

ಸಂಜೆ ಹೆಂಡತಿ ಬಂದಾಗ ಅವನು ಗಿಡಗಳ ಮುಂದೆ ಕೂತಿದ್ದ. ಅವಳೂ ಮೆಟ್ಟಿಲ ಮೇಲೆ ಕೂತಳು. ಅವನು ಒಂದು ಹೂವನ್ನು ಹೆಬ್ಬೆರಳಿನಲ್ಲಿ ಸವರುತ್ತ ಕೇಳಿದ.

“ಏ, ಈ ಕಿತ್ತಳೆ ಅಂದ್ರೆ ಹೇಗಿರುತ್ತೆ?”

ಅವಳು ಯೋಚಿಸಿದಳು. ಕೈ ಆಡಿಸಿದಳು. ಮತ್ತೆ ಯೋಚಿಸಿದಳು.

“ಕಿತ್ತಳೆ ಥರಾ ಇರುತ್ತೆ ಕಣ್ರೀ. ಇನ್ಹೇಗೆ ಹೇಳಲಿ?”

“ಕಣ್ಣಿದ್ದೂ ನಿನಗೆ ಹೇಳೋಕೆ ಬರಲ್ಲ. ಮತ್ತೆ ನನ್ನನ್ನು ಆಡ್ಕೋತೀಯ,” ಎಂದ. ಅವಳಿಗೆ ನಗು ಬಂತು. ಅವನಿಗೂ ಬಂತು, ಆದರೆ ಗೌರವಕ್ಕಾಗಿ ಗಿಡದ ಕಡೆ ಮುಖ ತಿರುಗಿಸಿಕೊಂಡ. “ಆ ಜನ ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ರು ನೋಡು,” ಎಂದ ಆಮೇಲೆ. ಅವನ ದನಿ ಸ್ವಲ್ಪ ಒದ್ದೆಯಾಗಿತ್ತು. ಅವಳು ಕೇಳಿಸದವಳ ಹಾಗೆ ಎದ್ದು ಅನ್ನಕ್ಕೆ ಇಟ್ಟಳು.

ಮರುದಿನ ಅವಳು ಅರ್ಧ ದಿನ ರಜೆ ಹಾಕಿದಳು. ಎರಡು ಹೂ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ದಡಕ್ಕೆ ಒಯ್ದಳು. ಬಕೆಟ್ಟಿನಲ್ಲಿ ಕೆಂಪು, ಹಳದಿ, ಚಿಟಿಕೆ ಬಿಳಿ ಹಾಕಿ, ಕೋಲಿನಲ್ಲಿ ತಿರುಗಿಸಿ, ದಳದ ಪಕ್ಕ ಹಿಡಿದು ನೋಡಿದಳು. ಒಂದು ಹನಿ ಹೆಚ್ಚಾಯಿತು, ಇನ್ನೊಂದು ಹನಿ ಸಾಲದು. ತಕ್ಕಡಿಯ ಮುಂದೆ ಕಳೆದ ಜೀವ ಅದು. ಹತ್ತು ಗಂಟೆಗೆ “ಇದೇ” ಎಂದಳು. ಪೇಂಟರಣ್ಣ ಪಾಚಿಯ ಮೇಲೆ ಎರಡು ಕೋಟು ಕಿತ್ತಳೆ ಎಳೆದ.

ಬೋಟು ನೀರಿಗಿಳಿದ ಮೇಲೆ ಉಳಿದವರಿಗೂ ಆಸೆ ಹುಟ್ಟಿತು. ಈಗ ಗಿರಾಕಿಗಳು ಮೊದಲು ಹೆಂಡತಿಗೆ ಯಾವಾಗ ರಜೆ ಎಂದು ವಿಚಾರಿಸುತ್ತಾರೆ. ಗಂಡ ಹೆಂಡತಿ ರಜೆಯ ದಿನ ದಡದಲ್ಲಿ ಬಕೆಟ್ಟಿನ ಎರಡು ಕಡೆ ಕೂತು ಜಗಳವಾಡುತ್ತಾರೆ. ಬಣ್ಣ ಗಟ್ಟಿಯಾಯಿತು, ಎಣ್ಣೆ ಹಾಕು ಎನ್ನುತ್ತಾನೆ ಅವನು. ಎಣ್ಣೆ ಹಾಕಿದರೆ ಕಳೆಗುಂದುತ್ತದೆ ಎನ್ನುತ್ತಾಳೆ ಅವಳು. ಕೇಳುತ್ತ ನಿಂತವರು ಯಾರ ಪರ ವಹಿಸಬೇಕೆಂದು ತಿಳಿಯದೆ ಗುಲಾಬಿಯ ಮಾತು ತೆಗೆಯುತ್ತಾರೆ. ಆಗ ಅವನು ಬಕೆಟ್ಟು ಬಿಟ್ಟು ಅವರತ್ತ ತಿರುಗುತ್ತಾನೆ. ನೆಡಲು ಗಿಡದ ಕಡ್ಡಿ ಕೊಡುತ್ತೇನೆ, ಆದರೆ ಬಲೆ ಕಟ್ಟಿ ಗಾಳಿ ಸೋಸದವರಿಗೆ ಕೊಡುವುದಿಲ್ಲ ಎಂದು ಷರತ್ತು ಹಾಕುತ್ತಾನೆ. ಬೋಟಿನಕ್ಕ ಬಲೆ ಕಟ್ಟಿಸಿ, ಆರು ಕಡ್ಡಿ ಒಯ್ದು, ಎರಡನ್ನು ಬದುಕಿಸಿಕೊಂಡಿದ್ದಾಳೆ. ಅವುಗಳ ಎಲೆ ತೊಳೆಯುತ್ತಾಳೋ ಇಲ್ಲವೋ ನೋಡಲು ಅವನು ವಾರಕ್ಕೊಮ್ಮೆ ಹೇಳದೆ ಕೇಳದೆ ಹೋಗುತ್ತಾನೆ.